‘ಎರಡು ಸಲ ಹೇಳಿದ್ನಲ್ಲ ಅಕ್ಕಾ...’

ಅಪಾಯ ಮೊದಲು ಕಾಣುವುದು ಕೆಲಸ ಮಾಡುವವರ ಕಣ್ಣಿಗೆ. ಅವರು ಹೇಳಿದಾಗ ಕೇಳುವ ಕಿವಿ ಇದ್ದರೆ ಕಾರ್ಖಾನೆಯೂ ಕ್ಷೇಮ, ಕಚೇರಿಯೂ ಕ್ಷೇಮ, ನಮ್ಮ ಅಡುಗೆಮನೆಯೂ ಕ್ಷೇಮ.

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಮನೆಯವರ ಅಂಗಿಯ ಜೇಬಿನ ಮೇಲೆ ಹಸಿರು ಬ್ಯಾಡ್ಜ್ ಒಂದು ಬಂದು ಕೂರುತ್ತದೆ. ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ. 1966ರಲ್ಲಿ ಅದೇ ದಿನ ರಾಷ್ಟ್ರೀಯ ಸುರಕ್ಷತಾ ಮಂಡಳಿ ಹುಟ್ಟಿತು. ಅದರ ನೆನಪಿಗೆ ಕಾರ್ಖಾನೆಗಳಲ್ಲಿ ವಾರವಿಡೀ ಪ್ರತಿಜ್ಞೆ, ಭಾಷಣ, ಪೋಸ್ಟರು, ಸ್ಪರ್ಧೆ. ಇವರ ಕಾರ್ಖಾನೆಯಲ್ಲಿ ನೌಕರರ ಮನೆಯವರಿಗೂ ಘೋಷಣೆ ಬರೆಯುವ ಸ್ಪರ್ಧೆ ಇರುತ್ತದೆ. ‘ನೀನು ಬಿಎ ಓದಿದ್ದೀಯಲ್ಲ, ಚೆಂದಾಗಿ ಒಂದು ಸ್ಲೋಗನ್ ಬರೆದುಕೊಡು’ ಎಂದರು. ಒಗ್ಗರಣೆ ಹಾಕುತ್ತಲೇ ಯೋಚಿಸಿ ಬರೆದುಕೊಟ್ಟೆ: ‘ಎಚ್ಚರ ನಮ್ಮದಾದರೆ ಅಪಾಯ ದೂರವಾದೀತು’. ಎರಡನೇ ಬಹುಮಾನ ಬಂತು. ಒಂದು ಹಾಟ್‌ಬಾಕ್ಸ್!

ಆ ಹಾಟ್‌ಬಾಕ್ಸ್ ಮನೆಗೆ ಬಂದ ವಾರದಲ್ಲೇ ನಮ್ಮ ಅಡುಗೆಮನೆಯಲ್ಲಿ ಅಪಘಾತವಾಯಿತು.

ನಮ್ಮಲ್ಲಿ ಮನೆಗೆಲಸಕ್ಕೆ ಬರುವಾಕೆ ನಾಲ್ಕು ವರ್ಷದಿಂದ ಬರುತ್ತಿದ್ದಾಳೆ. ಒಂದು ದಿನ ದೋಸೆ ಹಿಟ್ಟು ರುಬ್ಬಿ ಗ್ರೈಂಡರ್ ತೊಳೆಯುವಾಗ, ‘ಅಕ್ಕಾ, ಇದು ಮುಟ್ಟಿದ್ರೆ ಜುಮ್ ಅಂತದೆ’ ಎಂದಳು. ನಾನು ಮಗನ ಪರೀಕ್ಷೆಯ ಟೆನ್ಷನ್ನಿನಲ್ಲಿದ್ದೆ. ‘ಕೈ ಒದ್ದೆ ಇರುತ್ತೆ, ಒರೆಸಿಕೊಂಡು ಮುಟ್ಟಮ್ಮ’ ಎಂದೆ. ಹತ್ತು ದಿನ ಬಿಟ್ಟು ಮತ್ತೆ ಹೇಳಿದಳು. ‘ಆಯ್ತು, ಎಲೆಕ್ಟ್ರಿಷಿಯನ್ನಿಗೆ ಹೇಳ್ತೀನಿ’ ಎಂದೆ. ಹೇಳಲಿಲ್ಲ. ನೀವೇ ಹೇಳಿ, ಇಂಥ ‘ನೋಡ್ತೀನಿ’, ‘ಹೇಳ್ತೀನಿ’ಗಳು ನಮ್ಮ ಬಾಯಲ್ಲಿ ದಿನಕ್ಕೆ ಎಷ್ಟು ಬರುತ್ತವೆ?

ಆಮೇಲೊಂದು ಬೆಳಿಗ್ಗೆ ಅಡುಗೆಮನೆಯಿಂದ ದಡ್ ಎಂದು ಸದ್ದು. ಓಡಿಹೋಗಿ ನೋಡಿದರೆ ಆಕೆ ನೆಲದ ಮೇಲೆ ಬಿದ್ದಿದ್ದಾಳೆ. ಶಾಕ್ ಹೊಡೆದು ಹಿಂದಕ್ಕೆ ಎಸೆದಿತ್ತು. ದೇವರು ದೊಡ್ಡವನು, ಜೀವಕ್ಕೇನೂ ಆಗಲಿಲ್ಲ. ಆದರೆ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಪ್ಲಾಸ್ಟರ್ ಹಾಕಿಸಿದೆವು, ಔಷಧಿಯ ಖರ್ಚು ಕೊಟ್ಟೆವು, ಸಂಬಳ ಹಿಡಿಯಲಿಲ್ಲ. ಆದರೆ ಉಳಿದ ಮೂರು ಮನೆಯವರು ಆಕೆಗೆ ಸಂಬಳ ಕೊಡಲಿಲ್ಲ ಎಂಬುದು ನನಗೆ ಗೊತ್ತಾದದ್ದು ತಡವಾಗಿ.

ಎಲೆಕ್ಟ್ರಿಷಿಯನ್ ಬಂದು ನೋಡಿದ. ಗ್ರೈಂಡರಿನ ಮೂರು ಪಿನ್ನಿನ ಪ್ಲಗ್ಗನ್ನು ನಾವು ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿದ್ದೆವು. ಅದರ ಅರ್ಥಿಂಗ್ ವೈರು ಒಳಗೆ ಕಿತ್ತುಹೋಗಿತ್ತು. ಹತ್ತು ನಿಮಿಷದ ಕೆಲಸ!

ನೋಡಲು ಹೋದಾಗ ಕೇಳಿದೆ, ‘ಅಲ್ಲಮ್ಮ, ಸರಿಹೋಗಿಲ್ಲ ಅಂತ ನನಗೆ ಇನ್ನೊಂದು ಸಲ ಜ್ಞಾಪಿಸಬಾರದಿತ್ತಾ?’ ಆಕೆ ನನ್ನ ಮುಖ ನೋಡದೆ ಹೇಳಿದಳು: ‘ಎರಡು ಸಲ ಹೇಳಿದ್ನಲ್ಲ ಅಕ್ಕಾ. ಮೂರನೇ ಸಲ ಹೇಳಿದ್ರೆ, ಗ್ರೈಂಡರ್ ತೊಳೆಯಕ್ಕೆ ಸೋಮಾರಿತನ, ಅದಕ್ಕೇ ನೆಪ ಹೇಳ್ತಾಳೆ ಅಂದ್ಕೊಳ್ತೀರಿ ಅಂತ ಸುಮ್ನಾದೆ.’

ಸುರಕ್ಷತೆಯ ಮೇಲೆ ಸ್ಲೋಗನ್ ಬರೆದು ಬಹುಮಾನ ತಗೊಂಡವಳು ನಾನು!

ಆ ಬಿರುಕು ಎಲ್ಲರಿಗೂ ಕಂಡಿತ್ತು

ಆಕೆಯ ಮಾತು ಮನಸ್ಸಿನಲ್ಲೇ ಕೊರೆಯುತ್ತಿತ್ತು. ಆಗ ನೆನಪಾದದ್ದು ಬಾಂಗ್ಲಾದೇಶದ ರಾಣಾ ಪ್ಲಾಜಾ ದುರಂತ. ಟೀವಿಯಲ್ಲಿ ಆ ಚಿತ್ರಗಳನ್ನು ನೀವೂ ನೋಡಿರುತ್ತೀರಿ.

ಢಾಕಾ ಸಮೀಪದ ಸಾವರ್ ಎಂಬಲ್ಲಿ ಎಂಟು ಮಹಡಿಯ ಕಟ್ಟಡ. ಕೆಳಗೆ ಅಂಗಡಿಗಳು ಮತ್ತು ಒಂದು ಬ್ಯಾಂಕು. ಮೇಲೆ ಐದು ಗಾರ್ಮೆಂಟ್ಸ್ ಕಾರ್ಖಾನೆಗಳು. ಮೇಲಿನ ಮಹಡಿಗಳನ್ನು ಅನುಮತಿಯಿಲ್ಲದೆ ಕಟ್ಟಲಾಗಿತ್ತು. 2013ರ ಏಪ್ರಿಲ್ 23ರಂದು ಗೋಡೆ, ಕಂಬಗಳಲ್ಲಿ ಬಿರುಕು ಕಾಣಿಸಿತು. ಕೆಲಸಗಾರರು ಹೆದರಿ ಹೊರಗೆ ಬಂದರು. ಮರುದಿನ ಬ್ಯಾಂಕಿನವರು ತಮ್ಮ ಸಿಬ್ಬಂದಿಯನ್ನು ಬರಬೇಡಿ ಎಂದರು. ಅಂಗಡಿಗಳೂ ಬಾಗಿಲು ತೆರೆಯಲಿಲ್ಲ. ಆದರೆ ಹೊಲಿಗೆಯ ಹೆಣ್ಣುಮಕ್ಕಳಿಗೆ ಆ ಅವಕಾಶ ಸಿಗಲಿಲ್ಲ. ಒಳಗೆ ಹೋಗಲು ಹಿಂಜರಿದು ಹೊರಗೇ ನಿಂತಿದ್ದವರಿಗೆ, ಬಾರದಿದ್ದರೆ ಸಂಬಳ ಕೊಡುವುದಿಲ್ಲವೆಂದು ಬೆದರಿಸಿ ಒಳಗೆ ಕಳಿಸಿದರು. ಏಪ್ರಿಲ್ 24ರ ಬೆಳಿಗ್ಗೆ ಕರೆಂಟು ಹೋಯಿತು. ಮೇಲಿನ ಮಹಡಿಗಳಲ್ಲಿದ್ದ ಜನರೇಟರುಗಳು ಶುರುವಾದವು. ಒಂಬತ್ತು ಗಂಟೆಯ ಹೊತ್ತಿಗೆ ಇಡೀ ಕಟ್ಟಡ ಕುಸಿಯಿತು. 1,100ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಹೆಂಗಸರು.

ಇಲ್ಲಿ ಗಮನಿಸಿ. ಬಿರುಕು ಗುಟ್ಟಾಗಿರಲಿಲ್ಲ. ಅಪಾಯವಿದೆ ಎಂದು ಕೆಲಸದವರಿಗೆ ಗೊತ್ತಿತ್ತು, ಅವರು ಹೇಳಿಯೂ ಇದ್ದರು. ಬ್ಯಾಂಕಿನ ಸಿಬ್ಬಂದಿ ಹೇಳಿದ್ದಕ್ಕೆ ಬೆಲೆ ಸಿಕ್ಕಿತು, ಹೊಲಿಗೆಯವಳ ಮಾತಿಗೆ ಸಿಗಲಿಲ್ಲ. ವ್ಯತ್ಯಾಸ ಇಷ್ಟೇ. ಆದರೆ ಆ ವ್ಯತ್ಯಾಸಕ್ಕೆ ಸಾವಿರಾರು ಮನೆಗಳು ಬರಿದಾದವು.

ಆಮೇಲೆ ಎಲ್ಲರೂ ಎಚ್ಚೆತ್ತರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಎನ್ನಬಹುದು. ಆದರೂ ಹಾಕಿದ ಬಾಗಿಲು ಗಟ್ಟಿಯಾಗಿತ್ತು. 2013ರ ಮೇ ತಿಂಗಳಲ್ಲಿ ವಿದೇಶಿ ಬಟ್ಟೆ ಕಂಪನಿಗಳು ಮತ್ತು ಕಾರ್ಮಿಕ ಸಂಘಗಳ ನಡುವೆ ಕಾನೂನಿನ ಬಲವಿರುವ ಒಪ್ಪಂದವಾಯಿತು. ‘ಬಾಂಗ್ಲಾದೇಶ ಅಕಾರ್ಡ್’ ಎಂದು ಅದರ ಹೆಸರು. ಇನ್ನೂರಕ್ಕೂ ಹೆಚ್ಚು ಕಂಪನಿಗಳು ಸಹಿ ಹಾಕಿದವು. ಇಂಜಿನಿಯರುಗಳು ಬಂದು ಕಟ್ಟಡ ತಪಾಸಣೆ ಮಾಡಿದ್ದು ಒಂದು ಭಾಗ. ಇನ್ನೊಂದು ಭಾಗ ನನಗೆ ಬಹಳ ಮುಖ್ಯ ಅನ್ನಿಸಿದ್ದು. ಕಾರ್ಖಾನೆಗಳಲ್ಲಿ ಕೆಲಸಗಾರರೂ ಇರುವ ಸುರಕ್ಷತಾ ಸಮಿತಿ, ಹೆಸರು ಹೊರಬರದಂತೆ ದೂರು ಕೊಡುವ ವ್ಯವಸ್ಥೆ, ಮತ್ತು ಅಪಾಯವಿದೆ ಅನ್ನಿಸಿದರೆ ‘ಒಳಗೆ ಬರಲ್ಲ’ ಎನ್ನುವ ಹಕ್ಕು. ಏಪ್ರಿಲ್ 24ರ ಬೆಳಿಗ್ಗೆ ಆ ಹೆಣ್ಣುಮಕ್ಕಳಿಗೆ ಇಲ್ಲದೆ ಹೋದದ್ದು ಇದೇ ಅಲ್ಲವೇ?

ಯಾಕೆ ಸುಮ್ಮನಾಗುತ್ತಾರೆ?

ದೂರದ ಮಾತು ಬಿಡಿ. ನಮ್ಮ ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಕಡೆ ಬೆಳಿಗ್ಗೆ ಎಂಟರ ಹೊತ್ತಿಗೆ ನಿಂತು ನೋಡಿ. ಟಿಫನ್ ಬ್ಯಾಗ್ ಹಿಡಿದು ಓಡುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಸಾಲು ಸಾಲು. ನಮ್ಮ ಹಿಂದಿನ ಬೀದಿಯಲ್ಲೇ ಒಬ್ಬಾಕೆ ಹೊಲಿಗೆ ವಿಭಾಗದಲ್ಲಿದ್ದಾಳೆ. ಬ್ಲೌಸ್ ಕೊಡಲು ಬಂದಾಗ ಮಾತಿಗೆ ಕೂರಿಸಿದೆ.

‘ಸೂಜಿ ಮುಂದೆ ಬೆರಳಿಗೆ ತಾಗಬಾರದು ಅಂತ ಗಾರ್ಡ್ ಇರುತ್ತೆ ಅಕ್ಕ. ಹಿಂದಿನ ಕಂಪನಿಯಲ್ಲಿ ಎಲ್ಲರೂ ಬಿಚ್ಚಿಡ್ತಿದ್ವಿ. ದಾರ ಪೋಣಿಸೋಕೆ ಅಡ್ಡ ಬರೋದು, ಟಾರ್ಗೆಟ್ ಮುಗೀತಿರಲಿಲ್ಲ. ಚೆಕ್ಕಿಂಗ್ ಬಂದಾಗ ಹಾಕೋದು, ಹೋದ ಮೇಲೆ ಬಿಚ್ಚೋದು. ಯಾಕೆ ಬಿಚ್ಚಿದೆ ಅಂತ ಬೈದವರಿದ್ರು, ಯಾಕೆ ಬಿಚ್ತೀರಾ ಅಂತ ಕೇಳಿದವರು ಯಾರೂ ಇಲ್ಲ.’

ಈಗಿರುವ ಕಂಪನಿಯಲ್ಲಿ? ‘ಇಲ್ಲಿ ಕಮಿಟಿಯಲ್ಲಿ ನಮ್ಮ ಲೈನಿನವಳೇ ಒಬ್ಬಳಿದ್ದಾಳೆ. ಎರಡು ಥರದ ಗಾರ್ಡ್ ತಂದು, ಒಂದು ವಾರ ಹೊಲಿದು ನೋಡಿ, ಯಾವುದು ಅನುಕೂಲ ಹೇಳಿ ಅಂದ್ರು. ನಾವೇ ಆರಿಸಿದ್ದು. ಈಗ ಯಾರೂ ಬಿಚ್ಚಲ್ಲ.’

ಬೈದಾಗ ಬಿಚ್ಚುತ್ತಿದ್ದ ಕೈಗಳು ಕೇಳಿದಾಗ ಹಾಕಿಕೊಂಡವು! ಇಂಗ್ಲಿಷಿನಲ್ಲಿ ‘ಸೇಫ್ಟಿ ಕಲ್ಚರ್’ ಎಂದು ದೊಡ್ಡ ಪುಸ್ತಕಗಳನ್ನೇ ಬರೆಯುತ್ತಾರೆ. ಅದರ ತಿರುಳು ಈಕೆಯ ನಾಲ್ಕು ಮಾತಿನಲ್ಲಿದೆ.

ಕೆಲಸದವರು ಬಾಯಿ ಮುಚ್ಚಿಕೊಳ್ಳಲು ಕಾರಣಗಳು ಎಲ್ಲ ಕಡೆಯೂ ಹೆಚ್ಚುಕಮ್ಮಿ ಒಂದೇ. ಹೇಳಿದರೆ ಕೆಲಸ ಹೋದೀತೆಂಬ ಭಯ. ಹೇಳಿದರೆ ‘ನಿನಗೇ ಎಲ್ಲ ಕಾಣೋದು’ ಎಂದು ನಗುತ್ತಾರೆಂಬ ಸಂಕೋಚ. ಅಪಘಾತವಾದರೆ ‘ನಿನಗೆ ಕಣ್ಣಿರಲಿಲ್ವಾ?’ ಎಂದು ತಮ್ಮ ಮೇಲೇ ತಪ್ಪು ಹೊರಿಸುತ್ತಾರೆಂಬ ಅನುಭವ. ಎಲ್ಲಕ್ಕಿಂತ ಹೆಚ್ಚಾಗಿ, ಹೇಳಿದರೂ ಏನೂ ಆಗುವುದಿಲ್ಲ ಎಂಬ ಬೇಸರ. ನಮ್ಮ ಗ್ರೈಂಡರಿನ ವಿಷಯದಲ್ಲಿ ಆದದ್ದು ಈ ಕೊನೆಯದೇ. ನಾನು ಬೈಯಲಿಲ್ಲ, ಕೆಲಸದಿಂದ ತೆಗೆಯುತ್ತೇನೆ ಅನ್ನಲಿಲ್ಲ. ಸುಮ್ಮನೆ ಕೇಳಿಸಿಕೊಂಡು ಮರೆತೆ. ಅಷ್ಟೇ ಸಾಕಾಯಿತು.

ಕಾನೂನು ಏನು ಹೇಳುತ್ತದೆ?

ಕೆಲಸಗಾರರ ಮಾತು ಕೇಳಬೇಕೆಂದು ನಮ್ಮ ದೇಶದ ಕಾನೂನಿನಲ್ಲೇ ಇದೆ. ಅದು ಬರಲು ಕಾರಣವಾದದ್ದು ಭೋಪಾಲ್.

1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸೋರಿದ ಮಿಥೈಲ್ ಐಸೋಸೈನೇಟ್ ಅನಿಲ ಮಲಗಿದ್ದ ಊರಿನ ಮೇಲೆ ಹರಡಿ ಸಾವಿರಾರು ಜನರನ್ನು ಕೊಂದಿತು. ಅದಕ್ಕೆ ಮೂರು ವರ್ಷ ಮೊದಲೇ, 1981ರಲ್ಲಿ, ಅದೇ ಕಾರ್ಖಾನೆಯಲ್ಲಿ ವಿಷಾನಿಲ ತಗುಲಿ ಕೆಲಸಗಾರರೊಬ್ಬರು ತೀರಿಕೊಂಡಿದ್ದರು. ಅಲ್ಲಿನ ಕಾರ್ಮಿಕ ಸಂಘದವರು ಪ್ರತಿಭಟಿಸಿದ್ದರು. ಭೋಪಾಲದ ಪತ್ರಕರ್ತ ರಾಜಕುಮಾರ್ ಕೇಸ್ವಾನಿ 1982ರಲ್ಲೇ ಊರಿಗೆ ಕಾದಿರುವ ಅಪಾಯದ ಬಗ್ಗೆ ಬರೆದಿದ್ದರು. ಇಲ್ಲಿಯೂ ಅದೇ ಕಥೆ. ಹೇಳಿದವರಿದ್ದರು, ಕೇಳಿದವರಿರಲಿಲ್ಲ.

ಆ ದುರಂತದ ನಂತರ 1948ರ ಕಾರ್ಖಾನೆಗಳ ಕಾಯ್ದೆಗೆ 1987ರಲ್ಲಿ ತಿದ್ದುಪಡಿಯಾಯಿತು. ಅಪಾಯಕಾರಿ ಕೆಲಸ ನಡೆಯುವ ಕಾರ್ಖಾನೆಗಳಲ್ಲಿ ಸುರಕ್ಷತಾ ಸಮಿತಿ ಇರಬೇಕು, ಅದರಲ್ಲಿ ಆಡಳಿತದವರು ಎಷ್ಟು ಜನರೋ ಕೆಲಸಗಾರರೂ ಅಷ್ಟೇ ಜನ ಇರಬೇಕು ಎಂದು ಸೇರಿಸಿದರು. ಪ್ರಾಣಕ್ಕೆ ಅಪಾಯ ಕಂಡರೆ ಎಚ್ಚರಿಸುವ ಹಕ್ಕೂ ಕೆಲಸಗಾರರಿಗೆ ಸಿಕ್ಕಿತು.

ಈಗ ಆ ಹಳೆಯ ಕಾಯ್ದೆಯ ಜಾಗಕ್ಕೆ 2020ರಲ್ಲಿ ಸಂಸತ್ತು ಒಪ್ಪಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಅದರಲ್ಲಿ ನಮಗೆ ತಿಳಿದಿರಬೇಕಾದ ಮೂರು ಅಂಶ ಹೀಗಿವೆ:

* ಸುರಕ್ಷತಾ ಸಮಿತಿಯಲ್ಲಿ ಕೆಲಸಗಾರರ ಪ್ರತಿನಿಧಿಗಳ ಸಂಖ್ಯೆ ಮಾಲೀಕರ ಪ್ರತಿನಿಧಿಗಳಿಗಿಂತ ಕಡಿಮೆ ಇರುವಂತಿಲ್ಲ.

* ತಮ್ಮ ಆರೋಗ್ಯ, ಸುರಕ್ಷತೆಗೆ ಸಂಬಂಧಿಸಿದ ಮಾಹಿತಿಯನ್ನು ಮಾಲೀಕರಿಂದ ಕೇಳಿ ಪಡೆಯುವ ಹಕ್ಕು ಕೆಲಸಗಾರರಿಗಿದೆ.

* ಗಂಭೀರ ಗಾಯ ಅಥವಾ ಸಾವು ಆಗಬಹುದೆಂಬ ಭಯ ಬಂದರೆ ನೇರವಾಗಿ ಅಥವಾ ಸಮಿತಿಯ ಸದಸ್ಯರ ಮೂಲಕ ಮಾಲೀಕರಿಗೆ ತಿಳಿಸಬಹುದು. ಜೊತೆಗೇ ಸರ್ಕಾರದ ಇನ್‌ಸ್ಪೆಕ್ಟರಿಗೂ ತಿಳಿಸಬಹುದು.

ಪುಸ್ತಕದಲ್ಲಿ ಇದ್ದರೆ ಸಾಕೇ ಎಂದು ನೀವು ಕೇಳಬಹುದು. ಸಾಲದು, ನಿಜ. ಸಮಿತಿಯ ಹೆಸರಿನಲ್ಲಿ ಸಹಿ ಹಾಕಿಸಿಕೊಂಡು ಕಾಫಿ ಬಿಸ್ಕೆಟ್ ಕೊಟ್ಟು ಕಳಿಸುವ ಕಡೆಯೂ ಇರಬಹುದು. ಆದರೆ ಹಕ್ಕು ಇದೆ ಎಂದು ಗೊತ್ತಿದ್ದರೆ ಕೇಳುವ ಧ್ವನಿಗೆ ಬಲ ಬರುತ್ತದೆ.

ಮನೆಯ ಫೋನ್ ನಂಬರ್ ಕೊಟ್ಟ ಬಾಸ್!

ಕೆಲಸದವರ ಮಾತು ಕೇಳುತ್ತಾ ಕೂತರೆ ವ್ಯಾಪಾರ ಕೆಡುತ್ತದೆ ಎನ್ನುವವರಿದ್ದಾರೆ. ಅವರಿಗೆ ಅಮೆರಿಕದ ಅಲ್ಕೋವಾ ಎಂಬ ಅಲ್ಯೂಮಿನಿಯಂ ಕಂಪನಿಯ ಕಥೆ ಹೇಳಬೇಕು.

1987ರಲ್ಲಿ ಪಾಲ್ ಓನೀಲ್ ಎಂಬುವವರು ಅದರ ಮುಖ್ಯಸ್ಥರಾದರು. ಹೂಡಿಕೆದಾರರ ಮುಂದೆ ಅವರ ಮೊದಲ ಭಾಷಣ. ಲಾಭದ ಮಾತು ಕೇಳಲು ಬಂದವರಿಗೆ ಅವರು ಹೇಳಿದ್ದು ಕೆಲಸಗಾರರ ಸುರಕ್ಷತೆಯ ಮಾತು. ಇದ್ಯಾವ ಮನುಷ್ಯನಪ್ಪಾ ಎಂದು ಕೆಲವರು ಶೇರು ಮಾರಲು ಓಡಿದರಂತೆ. ಓನೀಲ್ ಕಾರ್ಖಾನೆಗಳಿಗೆ ಹೋಗಿ, ಅಪಾಯ ಕಂಡದ್ದನ್ನು ಮ್ಯಾನೇಜರಿಗೆ ಹೇಳಿಯೂ ಅವರು ಸರಿಪಡಿಸದಿದ್ದರೆ ತಮಗೇ ಫೋನ್ ಮಾಡಿ ಎಂದು ಕೆಲಸಗಾರರಿಗೆ ಮನೆಯ ನಂಬರನ್ನೇ ಕೊಟ್ಟರು. ಫೋನುಗಳು ಬಂದವು. ಅಪಘಾತದ ಮಾತಿನ ಜೊತೆಗೆ ಕೆಲಸ ಸುಧಾರಿಸುವ ಉಪಾಯಗಳೂ ಬಂದವು! ಕೇಳುವವರು ಸಿಕ್ಕರೆ ಜನ ಮನಸ್ಸು ಬಿಚ್ಚುತ್ತಾರೆ ನೋಡಿ.

ಗಾಯದಿಂದ ಕೆಲಸ ತಪ್ಪುವ ಪ್ರಮಾಣ ಅಲ್ಲಿ ನೂರು ಕೆಲಸಗಾರರಿಗೆ 1.86 ಇದ್ದದ್ದು 2000ದ ಹೊತ್ತಿಗೆ 0.2ಕ್ಕೆ ಇಳಿಯಿತು. ಲಾಭ ಕೆಟ್ಟಿತೇ? ಇಲ್ಲ. ಅವರು ಬಂದಾಗ ಇದ್ದದ್ದಕ್ಕಿಂತ ಐದು ಪಟ್ಟಾಯಿತು.

ಕೂದಲೆಳೆಯಲ್ಲಿ ತಪ್ಪಿದ್ದನ್ನು ಮರೆಯಬೇಡಿ

ಏನೋ ಬೀಳುವುದಿತ್ತು, ಬೀಳಲಿಲ್ಲ. ಸುಡುವುದಿತ್ತು, ಸುಡಲಿಲ್ಲ. ‘ಸದ್ಯ, ಕೂದಲೆಳೆಯಲ್ಲಿ ತಪ್ಪಿತು’ ಎಂದು ನಿಟ್ಟುಸಿರು ಬಿಟ್ಟು ಮರೆಯುತ್ತೇವೆ. ಕಾರ್ಖಾನೆಯವರು ಇದನ್ನು ‘ನಿಯರ್ ಮಿಸ್’ ಎನ್ನುತ್ತಾರೆ. ಒಳ್ಳೆಯ ಕಾರ್ಖಾನೆಗಳಲ್ಲಿ ಇಂಥದ್ದನ್ನೂ ಬರೆದಿಡುತ್ತಾರೆ.

ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹೈನ್‌ರಿಶ್ ಎಂಬುವವರು 1931ರಲ್ಲಿ ಒಂದು ಲೆಕ್ಕ ಕೊಟ್ಟರು. ಒಂದು ದೊಡ್ಡ ಅಪಘಾತದ ಹಿಂದೆ 29 ಸಣ್ಣ ಗಾಯಗಳು, ಗಾಯವೇ ಆಗದ 300 ಘಟನೆಗಳು ಇರುತ್ತವೆ ಎಂದು. ಆ ಸಂಖ್ಯೆಗಳನ್ನು ಆಮೇಲಿನವರು ಒಪ್ಪಿಲ್ಲ. ಎಲ್ಲ ಕೆಲಸಕ್ಕೂ ಒಂದೇ ಲೆಕ್ಕ ಹೇಗಾದೀತು? ಆದರೆ ದೊಡ್ಡದಕ್ಕೆ ಮೊದಲು ಸಣ್ಣದು ಬಂದು ಬಾಗಿಲು ತಟ್ಟುವುದು ನಮ್ಮ ಅನುಭವದಲ್ಲೂ ಇದೆ. ನಮ್ಮ ಗ್ರೈಂಡರ್ ಎರಡು ಸಲ ‘ಜುಮ್’ ಎಂದು ತಟ್ಟಿತ್ತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತರುವ ಹಾಗೆ ಮಾಡಿಕೊಂಡವಳು ನಾನು.

ಆ ಸಣ್ಣ ತಟ್ಟುವಿಕೆ ಕೇಳಿಸುವುದು ಯಾರಿಗೆ? ಮೇಲಿನ ಕೋಣೆಯಲ್ಲಿ ಕೂತ ಮ್ಯಾನೇಜರಿಗಲ್ಲ, ಹಾಲ್‌ನಲ್ಲಿ ಪೇಪರ್ ಓದುವ ನಮಗೂ ಅಲ್ಲ. ಯಂತ್ರದ ಮೇಲೆ ಕೈಯಿಟ್ಟವರಿಗೆ. ಅದಕ್ಕೇ ಅವರ ಬಾಯಿ ಮುಚ್ಚಿಸಿದರೆ ನಾವು ಕಣ್ಣು ಕಟ್ಟಿಕೊಂಡ ಹಾಗೆ.

ನೀವು ಏನು ಮಾಡಬಹುದು?

ಇದೆಲ್ಲ ದೊಡ್ಡ ಕಂಪನಿಗಳ ಮಾತು, ಗೃಹಿಣಿಯರಿಗೇನು ಸಂಬಂಧ ಎನ್ನಬೇಡಿ. ಕೆಲಸ ನಡೆಯುವ ಕಡೆಯೆಲ್ಲ ಇದು ಅನ್ವಯಿಸುತ್ತದೆ.

ಪತಿ, ಮಕ್ಕಳು ಹೊರಗೆ ದುಡಿಯುತ್ತಿದ್ದರೆ:

* ಸಂಜೆ ಬಂದಾಗ ‘ಸಂಬಳ ಯಾವಾಗ ಜಾಸ್ತಿ ಆಗುತ್ತೆ?’ ಎನ್ನುವುದರ ಜೊತೆಗೆ ‘ನಿಮ್ಮಲ್ಲಿ ಸೇಫ್ಟಿ ಕಮಿಟಿ ಇದೆಯಾ, ಅದರಲ್ಲಿ ನಿಮ್ಮ ಕಡೆಯವರು ಯಾರು?’ ಎಂದೂ ಒಮ್ಮೆ ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ತಿಳಿದುಕೊಂಡು ಬರಲು ಹೇಳಿ.

* ಅಪಾಯದ ವಿಷಯ ಹೇಳುವಾಗ ಒಬ್ಬರೇ ಹೋಗುವುದಕ್ಕಿಂತ ನಾಲ್ಕು ಜನ ಸೇರಿ ಹೋಗುವುದು, ಬಾಯಲ್ಲಿ ಹೇಳಿದ್ದನ್ನು ದಿನಾಂಕ ಹಾಕಿ ಬರೆದುಕೊಡುವುದು ಒಳ್ಳೆಯದು. ಒಂದು ಪ್ರತಿ ಮನೆಯಲ್ಲಿರಲಿ.

* ‘ನಿಮಗ್ಯಾಕೆ ಊರ ಉಸಾಬರಿ, ಸುಮ್ಮನಿರಿ’ ಎಂದು ನಾವೇ ಅವರ ಬಾಯಿ ಕಟ್ಟುವುದುಂಟು. ಮನೆಯವರ ಧೈರ್ಯವಿದ್ದರೆ ಅಲ್ಲಿ ಮಾತಾಡಲು ಧೈರ್ಯ ಬರುತ್ತದೆ.

ಮನೆಯಲ್ಲೇ ಸಣ್ಣ ಉದ್ಯಮವಿದ್ದರೆ:

ಟೈಲರಿಂಗ್, ಹಪ್ಪಳ, ಕೇಟರಿಂಗ್, ಬ್ಯೂಟಿ ಪಾರ್ಲರ್... ಇಬ್ಬರು ಮೂವರನ್ನು ಕೆಲಸಕ್ಕೆ ಇಟ್ಟುಕೊಂಡ ನಮ್ಮ ಓದುಗರು ಬಹಳ ಮಂದಿ. ಅಲ್ಲಿ ಮಾಲೀಕರು ನೀವೇ!

* ವಾರಕ್ಕೊಮ್ಮೆ ಕಾಫಿ ಕುಡಿಯುವಾಗ ಹತ್ತು ನಿಮಿಷ ‘ಈ ವಾರ ನಿಮಗೆ ಭಯ ಆದದ್ದು ಏನು?’ ಎಂದು ಕೇಳಿ. ಮೊದಲ ವಾರ ಯಾರೂ ಬಾಯಿ ಬಿಡುವುದಿಲ್ಲ. ನಿಮ್ಮದೇ ಒಂದು ತಪ್ಪು ಹೇಳಿ ಶುರು ಮಾಡಿ.

* ಹೇಳಿದ್ದರಲ್ಲಿ ಒಂದನ್ನಾದರೂ ಅದೇ ವಾರ ಸರಿಪಡಿಸಿ. ಆಗದಿದ್ದರೆ ಯಾಕೆ ಆಗುವುದಿಲ್ಲ ಎಂದು ತಿಳಿಸಿ. ಉತ್ತರವೇ ಬಾರದಿದ್ದರೆ ಎರಡನೇ ಸಲ ಯಾರೂ ಹೇಳುವುದಿಲ್ಲ.

* ಗ್ಯಾಸ್ ವಾಸನೆ ಬಂದರೆ ಯಾರನ್ನೂ ಕೇಳದೆ ಒಲೆ ಆರಿಸಿ ರೆಗ್ಯುಲೇಟರ್ ಮುಚ್ಚಬಹುದು, ಆರ್ಡರ್ ತಡವಾದರೂ ಬೈಯುವುದಿಲ್ಲ ಎಂದು ಮೊದಲೇ ಹೇಳಿಡಿ. ಆ ಹೊತ್ತಿನಲ್ಲಿ ಯಾವ ಸ್ವಿಚ್ಚನ್ನೂ ಮುಟ್ಟಬಾರದು, ಕಿಟಕಿ ಬಾಗಿಲು ತೆರೆಯಬೇಕು. ಗ್ಯಾಸ್ ಸೋರಿಕೆಗೆ ಸಹಾಯವಾಣಿ 1906. ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಿ.

ಮನೆಗೆಲಸದವರಿದ್ದರೆ:

ಇವರಿಗೆ ಸಮಿತಿಯೂ ಇಲ್ಲ, ಪ್ರತಿನಿಧಿಯೂ ಇಲ್ಲ. ನಮ್ಮ ಕಿವಿಯೇ ಇವರ ಸಮಿತಿ.

* ಗ್ರೈಂಡರ್, ಮಿಕ್ಸಿ, ವಾಷಿಂಗ್ ಮೆಷಿನ್ ಮುಟ್ಟಿದಾಗ ಜುಮ್ಮೆಂದರೆ ಅವತ್ತೇ ಪ್ಲಗ್ ಕೀಳಿ. ಸರಿಯಾಗುವವರೆಗೆ ಬಳಸಬೇಡಿ. ದೊಡ್ಡ ಉಪಕರಣಗಳನ್ನು ಅರ್ಥಿಂಗ್ ಇರುವ ಗೋಡೆಯ ಸಾಕೆಟ್ಟಿಗೇ ಹಾಕಿ.

* ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದು ಎಲೆಕ್ಟ್ರಿಷಿಯನ್ನನ್ನು ಕೇಳಿ. ಕರೆಂಟು ಸೋರಿದ ಕೂಡಲೇ ಸಪ್ಲೈ ನಿಲ್ಲಿಸುವ ಸಾಧನ ಅದು. ಅದರ ಮೇಲಿರುವ ‘ಟಿ’ ಎಂಬ ಪುಟ್ಟ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಒತ್ತಿದಾಗ ಕರೆಂಟು ಹೋಗಬೇಕು. ಹೋಗದಿದ್ದರೆ ರಿಪೇರಿಯವರನ್ನು ಕರೆಯಿರಿ.

* ಸ್ಟೂಲಿನ ಮೇಲೆ ಸ್ಟೂಲಿಟ್ಟು ಫ್ಯಾನ್ ಒರೆಸುವುದು, ಕಿಟಕಿಯ ಹೊರಗಿನ ಸಜ್ಜೆಯ ಮೇಲೆ ನಿಲ್ಲುವುದು... ‘ಆಗಲ್ಲ ಅಕ್ಕಾ’ ಎಂದರೆ ಒತ್ತಾಯ ಬೇಡ.

ಅಪಾರ್ಟ್‌ಮೆಂಟಿನಲ್ಲಿದ್ದರೆ:

* ಅಸೋಸಿಯೇಷನ್ ಮೀಟಿಂಗಿಗೆ ಸೆಕ್ಯುರಿಟಿ, ಹೌಸ್‌ಕೀಪಿಂಗ್‌ನವರಲ್ಲಿ ಒಬ್ಬೊಬ್ಬರನ್ನು ಅರ್ಧ ಗಂಟೆ ಕರೆಯಿರಿ. ಯಾವ ಮೆಟ್ಟಿಲು ಜಾರುತ್ತದೆ, ಯಾವ ಲಿಫ್ಟಿನ ಬಾಗಿಲು ಕೈಕೊಡುತ್ತದೆ ಎಂಬುದು ಅಧ್ಯಕ್ಷರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

* ಸಂಪು, ಸೆಪ್ಟಿಕ್ ಟ್ಯಾಂಕ್, ಎಸ್‌ಟಿಪಿ ಸ್ವಚ್ಛ ಮಾಡುವಾಗ ಬಹಳ ಹುಷಾರು. ಒಳಗಿನ ವಿಷಾನಿಲಕ್ಕೆ ಇಳಿದವರೂ, ಅವರನ್ನು ಎತ್ತಲು ಹೋದವರೂ ಬಲಿಯಾಗುವುದನ್ನು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಸೆಪ್ಟಿಕ್ ಟ್ಯಾಂಕಿಗೆ, ಚರಂಡಿ ಗುಂಡಿಗೆ ರಕ್ಷಣೆಯಿಲ್ಲದೆ ಜನರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಇಳಿಯಲ್ಲ ಎಂದವರಿಗೆ ಐನೂರು ರೂಪಾಯಿ ಹೆಚ್ಚು ಕೊಟ್ಟು ಒಪ್ಪಿಸಬೇಡಿ. ಯಂತ್ರದವರನ್ನು ಕರೆಸಿ.

ಮೂರನೇ ಸಲ

ಎರಡು ತಿಂಗಳು ಕಳೆದು ಆಕೆ ಮತ್ತೆ ಕೆಲಸಕ್ಕೆ ಬಂದಳು. ಗ್ರೈಂಡರ್ ಹತ್ತಿರ ಹೋಗಲು ಹೆದರುತ್ತಿದ್ದಳು. ಹೊಸ ಪ್ಲಗ್ ತೋರಿಸಿದೆ, ನಾನೇ ಮೊದಲು ಮುಟ್ಟಿ ತೋರಿಸಿದೆ. ಆದರೂ ಒಂದು ವಾರ ನಾನೇ ತೊಳೆದುಕೊಂಡೆ. ಹೆದರಿಕೆಗೂ ಸಮಯ ಬೇಕಲ್ಲವೇ?

ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿದ್ದೇನೆ. ಹಾಲು, ಪೇಪರಿನ ಲೆಕ್ಕದ ಪಕ್ಕದಲ್ಲೇ ‘ಸರಿಮಾಡಬೇಕಾದದ್ದು’ ಎಂದು ಒಂದು ಸಾಲು. ಆಕೆಗೆ ಓದು ಬರಹ ಅಷ್ಟಾಗಿ ಬಾರದು. ಆಕೆ ಹೇಳುತ್ತಾಳೆ, ನಾನು ಆಕೆಯ ಎದುರೇ ಬರೆಯುತ್ತೇನೆ, ಸರಿಯಾದ ಮೇಲೆ ಆಕೆಯೇ ಅಡ್ಡಗೆರೆ ಎಳೆಯುತ್ತಾಳೆ. ಬಚ್ಚಲಿನ ಜಾರುವ ಟೈಲ್ಸ್, ಕುಕ್ಕರಿನ ಸಡಿಲ ಹಿಡಿ, ಬಾಲ್ಕನಿಯ ಒಡೆದ ಬಲ್ಬು. ಒಂದೊಂದಾಗಿ ಗೆರೆ ಬೀಳುತ್ತಿದೆ. ಇದಕ್ಕೆಲ್ಲ ಸೇರಿ ಖರ್ಚಾದದ್ದು ಆವತ್ತಿನ ಆಸ್ಪತ್ರೆಯ ಬಿಲ್ಲಿನ ಕಾಲುಭಾಗವೂ ಇಲ್ಲ.

ಮೊನ್ನೆ ಹಬ್ಬಕ್ಕೆ ಮನೆ ತೊಳೆಯುವಾಗ, ಬೆಡ್‌ರೂಮಿನ ಕಿಟಕಿಯನ್ನು ಹೊರಗಿನಿಂದಲೂ ಒರೆಸು ಎಂದೆ. ನಮ್ಮದು ಎರಡನೇ ಮಹಡಿ. ಆಕೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಕಿಟಕಿಯ ಹತ್ತಿರ ಹೋಗಿ, ಕೆಳಗೆ ನೋಡಿ ವಾಪಸ್ ಬಂದಳು. ‘ಅಕ್ಕಾ, ಬೇಜಾರು ಮಾಡ್ಕೋಬೇಡಿ, ಅಲ್ಲಿ ನಿಂತ್ಕೊಂಡು ಒರೆಸೋಕೆ ನನ್ ಕೈಲಾಗಲ್ಲ’ ಎಂದಳು.

ಒಂದು ಕ್ಷಣ ಅಭ್ಯಾಸಬಲದಿಂದ ‘ಹೋದ ವರ್ಷ ಒರೆಸಿದ್ಯಲ್ಲಾ’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಹೋದ ವರ್ಷವೂ ಆಕೆಗೆ ಹೆದರಿಕೆ ಆಗಿತ್ತೋ ಏನೋ, ಹೇಳಲು ಬಾಯಿ ಬಂದಿರಲಿಲ್ಲ ಅಷ್ಟೇ.

‘ಬೇಡ ಬಿಡಮ್ಮ, ಒಳಗಿನಿಂದ ಎಷ್ಟಾಗುತ್ತೋ ಅಷ್ಟೇ ಸಾಕು’ ಎಂದೆ. ನಮ್ಮ ಬೆಡ್‌ರೂಮಿನ ಕಿಟಕಿಯ ಹೊರಗಡೆ ಈಗಲೂ ಧೂಳಿದೆ. ಇರಲಿ ಬಿಡಿ.